ಸೋಮಾರಿ ಕೇಬಲ್

ಹಳದಿ ಕೇಬಲ್ಲನ್ನು ಅವಳು ಕಿತ್ತೇಬಿಟ್ಟಳು. ಊರಿನ ಆಂಬುಲೆನ್ಸ್ ಕರೆಗಳೆಲ್ಲ ಬರುವ ಮುಖ್ಯ ದಾರಿ ಅದು. ಅದು ಸತ್ತರೆ ಪಕ್ಕದ ನೀಲಿ ಕೇಬಲ್ ತಾನಾಗಿಯೇ ಕೆಲಸ ಎತ್ತಿಕೊಳ್ಳಬೇಕು. ಎತ್ತಿಕೊಳ್ಳುತ್ತದೆಯೇ ಎಂಬುದೇ ಇವತ್ತಿನ ಪರೀಕ್ಷೆ. ಲೈನು ಜೀವಂತವಿದೆಯೇ ಎಂದು ಕಂಪ್ಯೂಟರು ಕ್ಷಣಕ್ಷಣಕ್ಕೂ ಕೇಳುತ್ತಿದ್ದ ಪ್ರಶ್ನೆಗೆ ಪರದೆಯ ಮೇಲೆ ಆಚೆ ತುದಿಯ ಉತ್ತರಗಳು ಸಾಲುಸಾಲಾಗಿ ಬರುತ್ತಲೇ ಇದ್ದವು. ಒಂದೂ ತಪ್ಪಲಿಲ್ಲ.

“ಭೇಷ್! ಇಷ್ಟು ವರ್ಷ ಕೂತು ತಿಂದ ಸೋಮಾರಿ ಇವತ್ತು ಮಾನ ಉಳಿಸ್ತು ನೋಡಮ್ಮ,” ಎಂದು ಮ್ಯಾನೇಜರು ಚಪ್ಪಾಳೆ ತಟ್ಟಿದರು. “ಪಾಸು ಅಂತ ಬರೆದುಬಿಡು, ಹೋಗೋಣ.”

ಅವಳು ಮಾತ್ರ ಪಾಸು ಅಂತ ಬರೆಯಲಿಲ್ಲ. ದಾರಿ ಬದಲಾಗುವಾಗ ಒಂದೆರಡು ಉತ್ತರವಾದರೂ ಕಳೆದುಹೋಗಲೇಬೇಕು. ಹೆಗಲು ಬದಲಿಸುವಾಗ ಹೊರೆ ಅಲುಗದೇ ಇರುತ್ತದೆಯೇ? ಹಳದಿಯನ್ನು ಮತ್ತೆ ಸಿಕ್ಕಿಸಿದಳು. ಅದರ ಹಸಿರು ದೀಪ ಹತ್ತಿತು. ಬೆರಳ ನೆಟಿಗೆ ಮುರಿದಳು, ಕೂತಳು, ಎದ್ದಳು. ಕೊನೆಗೆ ತಡೆಯಲಾರದೆ, ಗಾಜಿನಾಚೆ ಫೋನುಗಳ ಮುಂದಿದ್ದ ಹುಡುಗಿಯನ್ನು ಕೂಗಿದಳು: “ಈಗ ಯಾವ್ದಾದ್ರೂ ಕರೆ ಇದೆಯಾ?”

“ಇಲ್ಲ ಅಕ್ಕ.”

ನೀಲಿಯನ್ನು ಕಿತ್ತಳು. ಪರದೆ ಅಲ್ಲೇ ನಿಂತುಹೋಯಿತು.

“ಅಕ್ಕಾ, ಫೋನೆಲ್ಲ ಸತ್ತೋದ್ವು!”

ತಕ್ಷಣ ನೀಲಿಯನ್ನು ವಾಪಸು ತುರುಕಿದಳು. ಉತ್ತರಗಳು ಮತ್ತೆ ಬರತೊಡಗಿದವು. ಹಳದಿಯ ಹಸಿರು ದೀಪ ಇಷ್ಟು ಹೊತ್ತೂ ಏನೂ ಅರಿಯದಂತೆ ಉರಿಯುತ್ತಲೇ ಇತ್ತು.

“ಹಾಗಾದ್ರೆ ಹಳದಿ?” ಮ್ಯಾನೇಜರ ದನಿ ಇಳಿದುಹೋಗಿತ್ತು.

“ಮುಂದೆಲ್ಲೋ, ಯಾವತ್ತೋ ಸತ್ತಿದೆ ಸರ್. ದೀಪಕ್ಕೆ ಈ ತುದಿಯದ್ದಷ್ಟೇ ಗೊತ್ತು. ಇಷ್ಟು ದಿನ ಒಂಟಿಯಾಗಿ ದುಡಿದಿದ್ದು ನಿಮ್ಮ ಸೋಮಾರಿನೇ.”

ನೀಲಿ ಕೇಬಲ್ಲಿನ ಮೇಲಿಟ್ಟ ಕೈಯನ್ನು ಅವಳು ತೆಗೆಯಲಿಲ್ಲ.