ಹಬ್ಬದ ಸಾಹುಕಾರ

“ರಬ್ಬಿಗಳೇ, ಒನುಫ್ರಿ ನನ್ನ ಉಗ್ರಾಣದ ಬೀಗ ತೆಗೆದುಬಿಟ್ಟ!” ಎನ್ನುತ್ತ ಸಾರಾಯಿ ಅಂಗಡಿಯ ಹೆನ್ಯಾ ಬಾಗಿಲು ಕೂಡ ತಟ್ಟದೆ ಒಳಗೆ ನುಗ್ಗಿದಳು. ಧರ್ಮಗುರು ರಬ್ಬಿ ಮೆಶುಲಮರು ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿದು ಉಪ್ಪು ಉದುರಿಸಿಕೊಳ್ಳುತ್ತಿದ್ದರು. ಯಹೂದಿಗಳ ಪೆಸಾಖ್ ಹಬ್ಬದ ನಡುವಿನ ದಿನ. ಓದು ಮುಗಿದು, ಕಿಟಕಿಯಿಂದ ಬಿಸಿಲು ಬೆನ್ನಿಗೆ ಬೀಳುತ್ತಿದ್ದ ಹೊತ್ತು.

“ತೆಗೀಲಿ ಬಿಡು. ಬೀಗದ ಕೈ ನಾನೇ ಕೊಟ್ಟಿದ್ದಲ್ವಾ?”

“ಕೊಟ್ಟಿದ್ದು ಸೊಂಟಕ್ಕೆ ಸಿಕ್ಕಿಸ್ಕೊಳ್ಳೋಕೆ. ಬೀಗ ತೆಗೆಯೋಕಾ? ಪಟಾಲಮ್ಮಿಂದ ಅವನ ತಮ್ಮ ಬಂದಿದ್ದಾನಂತೆ, ಬೀದಿಗೆಲ್ಲ ಕುಡಿಸ್ತಾನಂತೆ. ಕೆಸರು ಬೂಟಲ್ಲೇ ಒಳಗೆ ಹೋಗಿದ್ದಾನೆ! ಅಂಗಡಿಗೆ ಬಂದಾಗೆಲ್ಲ ಹೊಸ್ತಿಲಲ್ಲೇ ನಿಲ್ಸಿ ಕಾಲು ಒರೆಸ್ಕೊಳ್ಳೋ ಅಂತ ಕೂಗ್ತೀನಿ ಅವನಿಗೆ, ನಾನು!” ಹೆನ್ಯಾಳ ದನಿ ಇಳಿಯಿತು. “ಮಗಳು ಬ್ರೈನಾ ಹುಟ್ಟಿದ ವರ್ಷ ಅವಳ ಮದುವೆಗೆ ಅಂತ ತುಂಬಿಟ್ಟ ಪೀಪಾಯಿ ಅಲ್ಲೇ ಇದೆ, ರಬ್ಬಿಗಳೇ. ಈ ಬೇಸಿಗೇಲಿ ಮದುವೆ. ಬೇರೆ ಏನಿದೆ ನನ್ನ ಹತ್ರ?”

ಹಬ್ಬ ಮುಗಿಯುವ ತನಕ ಹುಳಿ ಬಂದ ಇಲ್ಲವೆ ಬರಬಹುದಾದ ಧಾನ್ಯದ ಯಾವ ಪದಾರ್ಥವೂ ಯಹೂದಿಯ ಸ್ವತ್ತಾಗಿರಕೂಡದು. ಆದ್ದರಿಂದ ಪ್ರತಿವರ್ಷ ಹಬ್ಬದ ಮುನ್ನ ತಮ್ಮವರೆಲ್ಲರ ಹಿಟ್ಟು, ರೈ ಧಾನ್ಯದ ಸಾರಾಯಿ, ಅವನ್ನಿಟ್ಟ ಜಾಗದ ಸಮೇತ, ರಬ್ಬಿಗಳು ಒಂದಿಷ್ಟು ಮುಂಗಡ ಪಡೆದು ಜೇನು ಸಾಕುವ ಕ್ರೈಸ್ತ ಒನುಫ್ರಿಗೆ ಮಾರುತ್ತಿದ್ದರು. ಹಬ್ಬ ಕಳೆದ ಸಂಜೆ ಮರಳಿ ಕೊಳ್ಳುತ್ತಿದ್ದರು. ಅಷ್ಟು ದಿನವೂ ಒನುಫ್ರಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವನು. ಚರ್ಚಿನ ಮುಂದೆ ಅವನ ಜನರೇ ಅವನನ್ನು ‘ಹಬ್ಬದ ಸಾಹುಕಾರ’ ಎಂದು ಕರೆದು ನಗುವರು.

“ಪೀಪಾಯಿ ಯಾರದು?” ರಬ್ಬಿಗಳು ಕೇಳಿದರು.

“ಯಾರದು ಅಂದ್ರೆ? ನಂದು!”

“ನಿಂದಾದ್ರೆ ಹಬ್ಬದಲ್ಲಿ ನೀನು ಹುಳಿ ಬಂದಿದ್ದನ್ನ ಇಟ್ಕೊಂಡ ಹಾಗಾಯ್ತು. ಇವತ್ತೇ ಚೆಲ್ಲಬೇಕು. ಬ್ರೈನಾ ಮದುವೇಲಿ ನಮ್ಮವರು ಯಾರೂ ಅದನ್ನ ಮುಟ್ಟೋ ಹಾಗಿಲ್ಲ. ಒನುಫ್ರಿದಾದ್ರೆ ಅವನು ಕುಡೀಬಹುದು. ಈಗ ಹೇಳು, ಯಾರದು?”

ಹೆನ್ಯಾ ಬೆಂಚಿನ ಮೇಲೆ ಕುಸಿದಳು. “ನಿಮಗೇನು, ಹೋಗೋದು ನನ್ನ ಪೀಪಾಯಿ ತಾನೆ.”

“ನಮ್ಮ ಬೀರುವಿನ ಗೋಧಿಹಿಟ್ಟೂ ಅವನದೇ ಕಣೇ,” ಅಡುಗೆಮನೆಯಿಂದ ರಬ್ಬಿಗಳ ಹೆಂಡತಿ ತ್ಸಿಪ್ರಾ ಕೂಗಿದಳು. “ಅವನು ಹೊತ್ಕೊಂಡು ಹೋದ್ರೆ ಹಬ್ಬ ಕಳೆದ ಮೇಲೂ ಈ ಮನುಷ್ಯಂಗೆ ಆಲೂಗಡ್ಡೆನೇ.”

ರಬ್ಬಿಗಳು ನಗುತ್ತಲೇ ಕೋಲು ಎತ್ತಿಕೊಂಡರು. ಈ ಮಾರಾಟದ ವಿಷಯಕ್ಕೆ ಎಷ್ಟೋ ದೂರದ ಪಟ್ಟಣಗಳ ಪಂಡಿತರು ಅವರನ್ನೇ ಕೇಳುತ್ತಿದ್ದರು. ಇದು ನಾಟಕವಲ್ಲ, ನಿಜವಾದ ಮಾರಾಟ ಎಂದು ಅವರು ಎಲ್ಲರಿಗೂ ಆಧಾರ ಸಹಿತ ತೋರಿಸಿಕೊಟ್ಟಿದ್ದರು. ಆದರೂ ಒಂದು ಮುಳ್ಳು ಒಳಗೇ ಉಳಿದಿತ್ತು: ಕೊಂಡವನಿಗೆ ತಾನು ಕೊಂಡಿದ್ದೇನೆ ಅಂತ ಅನ್ನಿಸಿದೆಯೇ? ಇವತ್ತು ಕೆಸರು ದಾರಿಯಲ್ಲಿ ಅವರ ಕಾಲು ಹೆನ್ಯಾಳಿಗಿಂತ ಮುಂದೆ ಓಡುತ್ತಿತ್ತು.

ಉಗ್ರಾಣದ ಹೊರಗೆ ಗಾಡಿಯ ಮೇಲೆ ಸಿಪಾಯಿ ಕೋಟು ತೊಟ್ಟ ಒನುಫ್ರಿಯ ತಮ್ಮ ಕೂತಿದ್ದ. ಇವರನ್ನು ಕಂಡವನೇ, “ಅಣ್ಣಾ, ನಿಜವಾದ ಸಾಹುಕಾರ್ತಿ ಬಂದ್ಳು, ಓಡು!” ಎಂದು ನಕ್ಕ.

ಒಳಗೆ ಪೀಪಾಯಿಗಳ ನಡುವೆ ನಿಂತಿದ್ದ ಒನುಫ್ರಿಯ ಕಿವಿ ಕೆಂಪಾಗಿತ್ತು. “ನೀವೇ ಹೇಳಿ ರಬ್ಬಿಗಳೇ. ಇದೆಲ್ಲ ನಂದು ಅಂದ್ರೆ ಇವನು ನಗ್ತಾನೆ. ಕೊಂಡಿದ್ದೀನೋ ಇಲ್ವೋ? ಇಷ್ಟು ವರ್ಷ ಬರೀ ನಿಮ್ಮ ಆಟಕ್ಕೆ ತಲೆ ಆಡಿಸಿದ್ನೋ?”

ರಬ್ಬಿಗಳು ಹೊಸ್ತಿಲ ಈಚೆಗೇ ನಿಂತರು.

“ಯಜಮಾನ್ರೇ, ಒಳಗೆ ಬರಬಹುದಾ?”

ಒನುಫ್ರಿ ತನ್ನ ಬೆನ್ನ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. “ಬ... ಬನ್ನಿ,” ಎಂದ. ಗಾಡಿಯ ಮೇಲಿನ ನಗು ನಿಂತಿತು.

“ಕೇಳಪ್ಪಾ,” ರಬ್ಬಿಗಳು ಒಳಗೆ ಹೋಗಿ ತಮ್ಮನ ಕಡೆ ತಿರುಗಿದರು. “ಈ ಉಗ್ರಾಣ, ಈ ಪೀಪಾಯಿ, ನನ್ನ ಮನೆ ಬೀರುವಿನ ಹಿಟ್ಟು, ಎಲ್ಲಾ ಈಗ ನಿಮ್ಮಣ್ಣಂದು. ತೆಗೆದಿದ್ದರ ಬಾಕಿ ಬೆಲೆ ಹಬ್ಬ ಆದ ಮೇಲೆ ಕೊಡ್ತಾನೆ.”

“ಜೇನಲ್ಲಿ ತೀರಿಸ್ತೀನಿ,” ಎಂದ ಒನುಫ್ರಿ ಮೈ ನೆಟ್ಟಗೆ ಮಾಡಿಕೊಂಡು. ಆಮೇಲೆ ಮೂಲೆಯ ದೊಡ್ಡ ಪೀಪಾಯಿಯ ಮೇಲೆ ಎರಡೂ ಕೈ ಇಟ್ಟ.

ಹೆನ್ಯಾ ಮುನ್ನುಗ್ಗಿದಳು. ಒಂದು ಕಾಲು ಹೊಸ್ತಿಲು ದಾಟಿಯೇಬಿಟ್ಟಿತ್ತು. ರಬ್ಬಿಗಳು ಆ ಕಾಲನ್ನೇ ನೋಡಿದರು. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು.

“ಯಜಮಾನ್ರೇ,” ಎಂದಳು. “ಅದು ಬ್ರೈನಾ ಮದುವೇದು. ಈಚೆಗೆ ಚಿಕ್ಕದೊಂದಿದೆ, ಅದೂ ಚೆನ್ನಾಗೇ ಇದೆ. ಒಳಗೆ ಬಂದು ತೋರಿಸ್ಲಾ?”

ಒನುಫ್ರಿ ಪೀಪಾಯಿಯಿಂದ ನಿಧಾನವಾಗಿ ಕೈ ತೆಗೆದ. ತಮ್ಮನನ್ನು ನೋಡಿದ, ರಬ್ಬಿಗಳನ್ನು ನೋಡಿದ, ಕೊನೆಗೆ ಕೆಸರಲ್ಲಿ ಓಡಿ ಬಂದಿದ್ದ ಹೆನ್ಯಾಳ ಬೂಟುಗಳನ್ನು ನೋಡಿದ.

“ಬಾ ಹೆನ್ಯಾ,” ಎಂದ. “ಕಾಲು ಒರೆಸ್ಕೊಂಡು ಬಾ.”