ದಸ್ತಗೀರನ ಮೂಗು

ಬಾನೆಟ್ ತೆಗೆಯುವ ಮೊದಲೇ ವಾಸನೆಯಿಂದ ಗಾಡಿಯ ಕಾಯಿಲೆ ಹೇಳುವವನೆಂದು ಮೆಕ್ಯಾನಿಕ್ ದಸ್ತಗೀರನಿಗೆ ಇಪ್ಪತ್ತು ವರ್ಷಗಳ ಹೆಸರು. ಹೋದ ವರ್ಷ ಜ್ವರದಿಂದ ಎದ್ದ ಮೇಲೆ ಅವನು ಹೊಸದೊಂದು ಪದ್ಧತಿ ಹಿಡಿದಿದ್ದ. ವಾಸನೆ ಎಂಥದ್ದೆಂದು ಮೊದಲು ಗಿರಾಕಿಯೇ ಹೇಳಬೇಕು.

ಅಂದು ಬಂದವರು ಒಬ್ಬ ಟೀಚರು. ಅವರ ಹಳೆಯ ಕಾರಿನ ಇಂಜಿನ್ನಿನಿಂದ ಸುಟ್ಟ ವಾಸನೆ ಬರುತ್ತಿತ್ತಂತೆ. ಅವರಿಗೆ ಚಹಾ ಮಾಡೋಣವೆಂದು ಸ್ಟವ್ ಮೇಲೆ ಹಾಲಿಟ್ಟ ದಸ್ತಗೀರ, ಬಾನೆಟ್ಟಿನೊಳಗೆ ಬಗ್ಗಿ ಕಣ್ಣು ಮುಚ್ಚಿ ಉಸಿರೆಳೆದ.

“ನೀವ್ ಹೇಳಿ ಮೇಡಂ, ವಾಸ್ನೆ ಹೆಂಗೈತೆ? ಸುಟ್ಟ ರಬ್ಬರಾ, ಕರಿದ ಎಣ್ಣೆಯಾ?”

“ಎರಡೂ ಅಲ್ಲ. ಬೆಲ್ಲದ ಪಾಕ ತಳ ಹಿಡಿದ ಹಾಗಿದೆ.”

“ಅದೇ ಅಂದ್ಕೊಂಡೆ. ತಂಪು ಮಾಡೋ ಕೂಲೆಂಟ್ ನೀರು ಸೋರಿ ಬಿಸಿ ಇಂಜಿನ್ ಮೇಲೆ ಬೀಳ್ತೈತೆ.”

ಟಾರ್ಚ್ ಹಾಕಿ ನೋಡಿದರೆ ರೇಡಿಯೇಟರ್ ಪೈಪಿನ ಕ್ಲಿಪ್ಪು ಸಡಿಲವಾಗಿತ್ತು, ಅದರಿಂದ ಹಸಿರು ನೀರು ತೊಟ್ಟಿಕ್ಕುತ್ತಿತ್ತು. ಹೊಸ ಕ್ಲಿಪ್ಪು ಹಾಕಿ ಬಿಗಿದು, ಇಂಜಿನ್ನನ್ನು ಚೆನ್ನಾಗಿ ಒರೆಸಿದ.

“ಜನ ಸುಮ್ನೆ ಹೊಗಳಲ್ಲ,” ಎಂದರು ಟೀಚರು. “ಎಂಥಾ ಮೂಗು ನಿಮ್ಮದು.”

“ದೇವ್ರು ಕೊಟ್ಟಿದ್ದು ಮೇಡಂ.”

ಟೀಚರು ಸೆರಗಿನಿಂದ ಮೂಗು ಮುಚ್ಚಿಕೊಂಡರು. “ಆದ್ರೆ ಇನ್ನೂ ಏನೋ ಸೀದ ವಾಸ್ನೆ ಬರ್ತಿದೆಯಲ್ಲ.”

ದಸ್ತಗೀರ ಮತ್ತೆ ಬಗ್ಗಿ, ಈ ಸಲ ಇನ್ನೂ ಹೆಚ್ಚು ಹೊತ್ತು ಮೂಸಿದ.

“ಹೌದು, ನಂಗೂ ಬರ್ತೈತೆ. ಒಳಗೆಲ್ಲೋ ಆಯಿಲ್ ಸೋರ್ತಿರ್ಬೇಕು. ಇಂಜಿನ್ನೇ ಇಳಿಸ್ಬೇಕಾಗ್ತೈತೆ.”

“ಇಂಜಿನ್ ಇರಲಿ,” ಎಂದರು ಟೀಚರು. “ಮೊದ್ಲು ನಿಮ್ಮ ಬೆನ್ನ ಹಿಂದಿನ ಸ್ಟವ್ ಆರಿಸಿ. ಹಾಲು ಸೀದು ಕರಿಯಾಗಿದೆ.”