ಎಡಗೈ

ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಫೈಲಿನಿಂದ ಡ್ಯಾಶ್‌ಬೋರ್ಡಿಗೆ ಪಟ್ಟನೆ ಹೊಡೆದರು. ಹೊಡೆದ ತಕ್ಷಣ ಕಾರು ನಿಲ್ಲಬೇಕು, ಅದೇ ಲೈಸೆನ್ಸ್ ಪರೀಕ್ಷೆಯ ಕೊನೆಯ ಘಟ್ಟ. ನಿಂತಿತು. ಗೆರೆ ದಾಟಲಿಲ್ಲ, ಇಂಜಿನ್ ಆಫ್ ಆಗಲಿಲ್ಲ. ಮೂರನೆಯ ಸಲ ಪರೀಕ್ಷೆಗೆ ಬಂದಿದ್ದವಳಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ನೋಡಿಕೊಂಡರೆ ಅವಳ ಎಡಗೈ ಸ್ಟೀರಿಂಗ್ ಮೇಲೆ ಇರಲೇ ಇಲ್ಲ. ಇನ್‌ಸ್ಪೆಕ್ಟರ ಎದೆಗೆ ಅಡ್ಡವಾಗಿ ಚಾಚಿ, ಅವರನ್ನು ಸೀಟಿಗೆ ಒತ್ತಿ ಹಿಡಿದಿತ್ತು.

"ಅಮ್ಮಾ, ಕೈ ತೆಗೀರಿ," ಎಂದರು ಅವರು.

ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು. "ಬೇಕಂತ ಮಾಡಿದ್ದಲ್ಲ ಸರ್. ನನ್ನ ಮಗಳಿಗೆ ಹುಟ್ಟಿದಾಗಿಂದ ಕತ್ತು, ಸೊಂಟ ನಿಲ್ಲಲ್ಲ. ಹನ್ನೊಂದು ವರ್ಷದಿಂದ ಬಸ್ಸಲ್ಲಿ ಪಕ್ಕದಲ್ಲಿ ಕೂರಿಸ್ಕೊಂಡು ಓಡಾಡ್ತಿದೀನಿ. ಬ್ರೇಕ್ ಬಿತ್ತು ಅಂದ್ರೆ ಕೈ ತಾನಾಗೇ ಹೋಗಿಬಿಡುತ್ತೆ."

ಇನ್‌ಸ್ಪೆಕ್ಟರು ಬರೆಯುವುದನ್ನು ನಿಲ್ಲಿಸಿದರು. ಮೈದಾನದ ಬೇಲಿಯಾಚೆ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಪಕ್ಕದಲ್ಲಿ, ಗಾಲಿಕುರ್ಚಿಯಲ್ಲಿ ಒಬ್ಬಳು ಹುಡುಗಿ ಕೂತಿದ್ದಳು.

"ಅವಳೇನಾ?"

"ಹೂಂ ಸರ್."

"ನಾಳೆ ಅವಳು ಇದೇ ಸೀಟಲ್ಲಿ ಕೂತಿರ್ತಾಳೆ. ಎದುರಿಗೆ ಲಾರಿ ಬರುತ್ತೆ. ನೀವು ಅವಳನ್ನ ಹಿಡ್ಕೊಂಡಿರ್ತೀರಿ. ಆಗ ಸ್ಟೀರಿಂಗ್ ಯಾರು ಹಿಡ್ಕೊಳ್ತಾರಮ್ಮ?"

ದಬಾಯಿಸಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಆ ಮನುಷ್ಯ ಮೆತ್ತಗೆ ಕೇಳಿದರು, ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಅವಳಿಗೆ ಸಂಕಟವಾದದ್ದೇ ಅದಕ್ಕೆ. "ಒಂದು ತಿಂಗಳು ಬಿಟ್ಟು ಬನ್ನಿ. ಉಳಿದದ್ದೆಲ್ಲ ಚೆನ್ನಾಗೇ ಓಡಿಸ್ತೀರಿ," ಎಂದು ಕಾರಣ ಬರೆದ ಹಾಳೆಯನ್ನು ಹರಿದು ಕೊಟ್ಟು ಇಳಿದುಹೋದರು.

ಆ ಒಂದು ತಿಂಗಳೇ ಅವಳ ಬಳಿ ಇರಲಿಲ್ಲ. ಥೆರಪಿ ಸೆಂಟರ್ ಇದ್ದದ್ದು ಊರಿನ ಆ ತುದಿಯಲ್ಲಿ. ಅಲ್ಲಿ ವಾರಕ್ಕೆ ನಾಲ್ಕು ದಿನ ಕಸರತ್ತು ಮಾಡಿಸಿ ಮಾಡಿಸಿ, ಮಗಳು ತಾನಾಗಿ ಹದಿನೈದು ನಿಮಿಷ ತಲೆ ಎತ್ತಿ ಹಿಡಿಯುವಷ್ಟಾಗಿದ್ದಳು. ಆದರೆ ಹುಡುಗಿ ಬೆಳೆದುಬಿಟ್ಟಿದ್ದಳು. ಎತ್ತಿಕೊಂಡು ಬಸ್ಸಿನ ಮೆಟ್ಟಿಲು ಹತ್ತಲು ಹೋಗಿ ಎರಡು ಸಲ ತಾಯಿ ಮಗಳು ಇಬ್ಬರೂ ಬಿದ್ದರು. ಅಲ್ಲಿಂದಾಚೆಗೆ ಹೋದ ದಿನಕ್ಕಿಂತ ತಪ್ಪಿದ ದಿನವೇ ಹೆಚ್ಚು. ಬರುವ ಒಂದನೇ ತಾರೀಖಿನಿಂದ ತಪ್ಪದೆ ಬರಬೇಕು, ಇಲ್ಲದಿದ್ದರೆ ಜಾಗ ಇನ್ನೊಂದು ಮಗುವಿಗೆ ಎಂದು ಸೆಂಟರಿನವರು ಹೇಳಿಬಿಟ್ಟಿದ್ದರು. ಬಿಟ್ಟರೆ ಆ ಹದಿನೈದು ನಿಮಿಷವೂ ಹೋಗುತ್ತದೆ ಅಂತ ಡಾಕ್ಟರು ಮುಚ್ಚುಮರೆ ಇಲ್ಲದೆ ತಿಳಿಸಿದ್ದರು. ಅಣ್ಣ ತನ್ನ ಹಳೇ ಕಾರನ್ನು ತಂದು ಮನೆ ಬಾಗಿಲಲ್ಲಿ ನಿಲ್ಲಿಸಿ ಹೋಗಿದ್ದ. ಮೊದಲ ಪರೀಕ್ಷೆಯಲ್ಲಿ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು, ಎರಡನೆಯದರಲ್ಲಿ ಕಂಬಕ್ಕೆ ತಾಗಿತು. ಈ ಸಲ ಆಗೇ ಆಗುತ್ತದೆ ಅಂತ ಸೆಂಟರಿಗೆ ಫೋನು ಮಾಡಿ ಹೇಳಿಯೂ ಆಗಿತ್ತು.

ಬೇಲಿ ಹತ್ತಿರ ಬಂದಾಗ ಮೇಷ್ಟ್ರು ಮುಖ ನೋಡಿಯೇ ತಿಳಿದುಕೊಂಡರು. "ಮತ್ತೆ ಹಿಡ್ಕೊಂಡ್ರಾ?" ಎಂದರು ಪಿಸುಮಾತಿನಲ್ಲಿ. "ಎರಡು ತಿಂಗಳಿಂದ ಬಡ್ಕೋತಿದೀನಲ್ಲಮ್ಮ, ನನ್ನನ್ನ ಹಿಡೀಬೇಡಿ, ಸ್ಟೀರಿಂಗ್ ಹಿಡೀರಿ ಅಂತ." ಕಲಿಸುವಾಗ ಅವರ ಎದೆಗೆ ಆ ಕೈ ಎಷ್ಟು ಸಲ ಬಡಿದಿತ್ತೋ. ಆದರೂ ಸಿಟ್ಟು ಮಾಡಿಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ.

ಮಗಳಿಗೆ ಮನೆಯಲ್ಲಿ ಲಾಯರಮ್ಮ ಅಂತ ಹೆಸರು. ಮೈಯಲ್ಲಿ ಇಲ್ಲದ ಶಕ್ತಿಯೆಲ್ಲ ಬಾಯಲ್ಲಿತ್ತು.

"ಏನಮ್ಮ ತೀರ್ಪು?"

"ಫೇಲು."

"ಯಾಕೆ?"

"ರಿವರ್ಸು. ಕಂಬಕ್ಕೆ ತಾಗಿಸ್ಬಿಟ್ಟೆ."

"ಕಂಬ ಹೋದ ಸಲದ್ದು. ಇವತ್ತು ನಾನು ನೋಡ್ತಾನೇ ಇದ್ದೆ, ತಾಗ್ಲಿಲ್ಲ."

ಮೇಷ್ಟ್ರು ಕಾರಿನ ಬಾಗಿಲು ತೆರೆದರು. ಮಗಳನ್ನು ಎತ್ತಬೇಕಾದರೆ ಎರಡೂ ಕೈ ಬೇಕು. ಯೋಚನೆಯೇ ಇಲ್ಲದೆ ಹಾಳೆಯನ್ನು ಮಗಳ ತೊಡೆಯ ಮೇಲಿಟ್ಟು, ಎತ್ತಿ ಸೀಟಿನಲ್ಲಿ ಕೂರಿಸಿದಳು. ಬೆಲ್ಟು ಬಿಗಿದು, ಬೆನ್ನಿಗೆ ದಿಂಬು ಕೊಟ್ಟು ತಲೆ ಎತ್ತುವಷ್ಟರಲ್ಲಿ ಹುಡುಗಿ ಅದನ್ನು ಓದುತ್ತಿದ್ದಳು. ಬಗ್ಗಿದ ಕತ್ತಿಗೆ ಹಾಳೆ ನೇರ ಕಣ್ಣೆದುರಿಗೇ ಇತ್ತು. ಒಂದೇ ಸಾಲು: 'ಬ್ರೇಕ್ ಹಾಕುವಾಗ ಎಡಗೈಯಿಂದ ಪಕ್ಕದಲ್ಲಿರುವವರನ್ನು ಹಿಡಿಯುತ್ತಾರೆ.'

ಲಾಯರಮ್ಮನ ಬಾಯಿ ಕಟ್ಟಿದ್ದನ್ನು ಅವಳು ಅದೇ ಮೊದಲು ನೋಡಿದ್ದು. ಪಕ್ಕದಲ್ಲಿ ಕೂತು ಮಗಳ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡಳು. ಮೇಷ್ಟ್ರು ಓಡಿಸುತ್ತಿದ್ದ ಕಾರು ಮೈದಾನ ಬಿಟ್ಟು ದೊಡ್ಡ ರಸ್ತೆಗೆ ಬಂತು.

"ಅಳ್ಬೇಡ," ಎಂದಳು ಮಗಳು ಕೊನೆಗೆ. ಲೆಕ್ಕ ಬಾರದ ಗೆಳತಿಗೆ ದಾರಿ ಹೇಳಿಕೊಡುವಂತಿತ್ತು ಆ ದನಿ. "ಮುಂದಿನ ಸಲ ಒಂದು ಕೆಲ್ಸ ಮಾಡಮ್ಮ. ಟೆಸ್ಟ್ ಮುಗಿಯೋ ತನಕ ನಾನು ಹುಟ್ಟೇ ಇಲ್ಲ ಅಂದ್ಕೋ."